ಸ್ಟ್ರೇನ್ ಗೇಜ್ ರೀಡಿಂಗ್ ಕುಣಿಯುತ್ತಿದೆಯಾ? ಫಿಲ್ಟರ್ ಆಮೇಲೆ ಹಾಕಿ

ತೂಕದ ಮಷಿನ್ನಿನ ಲೋಡ್ ಸೆಲ್ ಇರಲಿ, ಕಾಲೇಜ್ ಲ್ಯಾಬಿನ ಅಲ್ಯೂಮಿನಿಯಂ ಪಟ್ಟಿ ಇರಲಿ, ಅಳೆಯುವುದು ಸ್ಟ್ರೇನ್ ಗೇಜ್, ಅಂದರೆ ಅಂಟಿಸಿದ ಜಾಗ ಹಿಗ್ಗಿದಂತೆ ರೆಸಿಸ್ಟೆನ್ಸ್ ಬದಲಾಗುವ ತೆಳು ಪಟ್ಟಿ. ಮೇಲೆ ಭಾರವೇ ಇಲ್ಲ, ಆದರೂ ಅಂಕಿ ಒಂದು ಕಡೆ ನಿಲ್ಲುವುದಿಲ್ಲ. ಆಗ ಎಲ್ಲರೂ ಸಾಫ್ಟ್‌ವೇರ್ ಫಿಲ್ಟರ್ ಹುಡುಕುತ್ತಾರೆ. ನನ್ನ ಕೇಳಿದರೆ ಅದು ಕೊನೆಯ ಮದ್ದು.

ಸಿಗ್ನಲ್ ಎಷ್ಟು ಸಣ್ಣದು ಅಂತ ಲೆಕ್ಕ ಹಾಕಿ. ಒಂದು ಮೀಟರ್ ಪಟ್ಟಿ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಹಿಗ್ಗಿದರೆ ಅದು ಒಂದು ಮೈಕ್ರೋಸ್ಟ್ರೇನ್. ಗೇಜ್ ಫ್ಯಾಕ್ಟರ್ (ಹಿಗ್ಗಿದ ಪಾಲಿನ ಎಷ್ಟು ಪಟ್ಟು ರೆಸಿಸ್ಟೆನ್ಸ್ ಬದಲಾಗುತ್ತದೆ ಅನ್ನುವ ಅಂಕಿ) 2 ಇರುವ 350 ಓಮ್ ಗೇಜಿನಲ್ಲಿ ಆಗ ಬದಲಾಗುವುದು 0.0007 ಓಮ್. ಬ್ರಿಡ್ಜಿನಲ್ಲಿ, ಅಂದರೆ ನಾಲ್ಕು ರೆಸಿಸ್ಟರ್ ಚೌಕವಾಗಿ ಜೋಡಿಸಿದ ಸರ್ಕ್ಯೂಟಿನಲ್ಲಿ, ಒಂದೇ ಗೇಜ್ ಇದ್ದು, 5 ವೋಲ್ಟ್ ಕೊಟ್ಟಿದ್ದರೆ ಕೈಗೆ ಸಿಗುವುದು 2.5 ಮೈಕ್ರೋವೋಲ್ಟ್. ಪಕ್ಕದಲ್ಲೇ 230 ವೋಲ್ಟ್ ವೈರ್ ಹೋಗಿರುತ್ತದೆ. ಇನ್ನೇನಾಗುತ್ತೆ ಹೇಳಿ!

ಮೊದಲು ನಾಯ್ಸ್, ಅಂದರೆ ಈ ಬೇಡದ ಕುಣಿತ, ಎಲ್ಲಿಂದ ಬರುತ್ತಿದೆ ಅಂತ ಹಿಡಿಯಬೇಕು. ವೈರ್ ಯಾವುದನ್ನೂ ಬಿಚ್ಚದೆ ಬ್ರಿಡ್ಜಿಗೆ ಕೊಡುವ ವೋಲ್ಟೇಜನ್ನು ಮಾತ್ರ ಸೊನ್ನೆ ಮಾಡಿ. ಆಗಲೂ ಕುಣಿತ ಇದ್ದರೆ ಅದು ಸ್ಟ್ರೇನ್ ಅಲ್ಲವೇ ಅಲ್ಲ, ಹೊರಗಿಂದ ನುಗ್ಗಿದ್ದು ಅಥವಾ ಆಂಪ್ಲಿಫೈಯರಿನದ್ದೇ. ನಿಂತರೆ ಪಟ್ಟಿ ನಿಜವಾಗಿ ಅದುರುತ್ತಿರಬಹುದು, ಪವರ್ ಸಪ್ಲೈ ಕೆಟ್ಟಿರಬಹುದು, ಬೆಸುಗೆ ಸಡಿಲವಾಗಿರಬಹುದು. ಎಚ್‌ಎಕ್ಸ್711 (ಬ್ರಿಡ್ಜಿನ ಸಿಗ್ನಲ್ಲನ್ನು ದೊಡ್ಡದು ಮಾಡಿ ಅಂಕಿಯಾಗಿಸುವ ಚಿಪ್) ಬೋರ್ಡಿನಲ್ಲಿ ಈ ಉಪಾಯ ನಡೆಯುವುದಿಲ್ಲ, ಅಳತೆಗೆ ಆಧಾರವೂ ಅದೇ ವೋಲ್ಟೇಜ್. ಅಲ್ಲಿ ಎರಡು ಸಿಗ್ನಲ್ ವೈರ್‌ಗಳಲ್ಲಿ ಒಂದನ್ನು ಬಿಚ್ಚಿ, ಉಳಿದದ್ದನ್ನೇ ಎರಡೂ ಇನ್‌ಪುಟ್‌ಗೆ ಸೇರಿಸಿ. ಅಂಕಿ ತಣ್ಣಗಾದರೆ ಬೋರ್ಡ್ ಸರಿ ಇದೆ, ತಪ್ಪು ಕೇಬಲ್ ಅಥವಾ ಬ್ರಿಡ್ಜಿನ ಕಡೆಯದು.

ಕೇಬಲ್ಲೇ ಮುಕ್ಕಾಲು ಪಾಲು ಕಥೆ. ಸಿಗ್ನಲ್‌ನ ಎರಡು ವೈರ್ ಒಟ್ಟಿಗೆ ಹೊಸೆದಿರಲಿ, ಪವರ್‌ನ ಎರಡು ಬೇರೆ ಜೋಡಿಯಾಗಿ. ಹೊಸೆದಾಗ ಒಂದು ಸುತ್ತಿನಲ್ಲಿ ಹುಟ್ಟಿದ ವೋಲ್ಟೇಜನ್ನು ಮುಂದಿನ ಸುತ್ತು ಹೊಡೆದುಹಾಕುತ್ತದೆ. ಟ್ರಾನ್ಸ್‌ಫಾರ್ಮರಿನ 50 ಹರ್ಟ್ಸ್ ಕಾಂತಕ್ಷೇತ್ರಕ್ಕೆ ಮದ್ದು ಇದೇ, ಅದರ ಮುಂದೆ ಕೇಬಲ್ ಸುತ್ತಿನ ತೆಳು ಫಾಯಿಲ್ ಶೀಲ್ಡ್ ಏನೂ ಮಾಡಲಾರದು. ಶೀಲ್ಡ್ ಕೆಲಸಕ್ಕೆ ಬರುವುದು ವಿದ್ಯುತ್ ಕ್ಷೇತ್ರದ ಎದುರು, ಅದೂ ಒಂದೇ ತುದಿಯಲ್ಲಿ ಅರ್ತ್ ಮಾಡಿದಾಗ. ಸಾಮಾನ್ಯವಾಗಿ ಮೀಟರಿನ ಕಡೆ ಮಾಡುತ್ತಾರೆ. ಗೇಜಿನ ಕಡೆ ಫಾಯಿಲ್ ಜೊತೆ ಬರುವ ಬರಿಯ ತಂತಿಯನ್ನು ಕತ್ತರಿಸಿ, ಮೇಲೆ ಸ್ಲೀವ್ ಹಾಕಿ. ಎರಡೂ ಕಡೆ ಅರ್ತ್ ಮಾಡಿದರೆ ಶೀಲ್ಡಿನಲ್ಲೇ ಕರೆಂಟ್ ಹರಿದು ನಾಯ್ಸ್ ಜಾಸ್ತಿಯಾಗುತ್ತದೆ.

ಮೇನ್ಸ್ ವೈರಿನಿಂದ ದೂರ ಇಡಿ. ದಾಟಲೇಬೇಕಾದರೆ ಅಡ್ಡಡ್ಡ ದಾಟಿ, ಜೊತೆಜೊತೆಗೆ ಎಳೆಯಬೇಡಿ.

ಗೇಜಿನ ಬುಡವನ್ನೂ ನೋಡಿ. ಬೆಸುಗೆ ಹಾಕಿದ ಮೇಲೆ ಫ್ಲಕ್ಸ್ ಒರೆಸದೆ ಬಿಟ್ಟರೆ ಮಳೆಗಾಲದಲ್ಲಿ ಅದು ತೇವ ಹಿಡಿದು ಕರೆಂಟ್ ಸೋರುತ್ತದೆ. ಚೆನ್ನಾಗಿ ತೊಳೆದು ಮೇಲೆ ಕೋಟಿಂಗ್ ಕೊಡಿ. ಇನ್ಸುಲೇಶನ್ ಪರೀಕ್ಷೆಗೆ ಅಂತ ಸುಮ್ನೆ 500 ವೋಲ್ಟ್ ಮೆಗ್ಗರ್ ಹಚ್ಚಬೇಡಿ, ಗೇಜೇ ಹಾಳಾದೀತು.

ಸಿಗ್ನಲ್ಲನ್ನೇ ದೊಡ್ಡದು ಮಾಡಬಹುದು. ನಾಲ್ಕು ಗೇಜೂ ಕೆಲಸ ಮಾಡುವ ಬ್ರಿಡ್ಜ್ ನಾಲ್ಕು ಪಟ್ಟು ಕೊಡುತ್ತದೆ. ವೋಲ್ಟೇಜ್ ಎರಡು ಪಟ್ಟು ಮಾಡಿದರೂ ಲಾಭವೇ, ಆದರೆ ಬಿಸಿ ನಾಲ್ಕು ಪಟ್ಟು. ಪ್ಲಾಸ್ಟಿಕ್ ಮೇಲೆ ಅಂಟಿಸಿದ ಗೇಜಿಗೆ ಅದು ಆಗಿಬರುವುದಿಲ್ಲ.

ಈಗ ಫಿಲ್ಟರ್. 50 ಹರ್ಟ್ಸ್‌ನ ಒಂದು ಸುತ್ತು 20 ಮಿಲಿಸೆಕೆಂಡ್. ಸರಾಸರಿಯನ್ನು 20, 40, 100 ಮಿಲಿಸೆಕೆಂಡ್ ಹೀಗೆ ಪೂರ್ತಿ ಸುತ್ತುಗಳ ಮೇಲೆ ತೆಗೆದರೆ ಗುಂಯ್‌ಗುಡುವುದು ತಾನಾಗಿ ಅಳಿಯುತ್ತದೆ. ಎಚ್‌ಎಕ್ಸ್711 ಅನ್ನು ಸೆಕೆಂಡಿಗೆ 10 ರೀಡಿಂಗಿನಲ್ಲೇ ಇಡಿ. 80ಕ್ಕೆ ಇಟ್ಟರೆ ಬೇಗ ಬರುತ್ತದೆ, ನಾಯ್ಸೂ ಜಾಸ್ತಿ. ನಿಂತ ಭಾರಕ್ಕೆ ಇಷ್ಟು ಸಾಕು. ಓಡುವ ಮೋಟಾರಿನ ಅದುರನ್ನು ಅಳೆಯುತ್ತಿದ್ದರೆ ಈ ಸರಾಸರಿ ನಿಮಗೆ ಬೇಕಾದ ಅದುರನ್ನೂ ನುಂಗುತ್ತದೆ. ಅಲ್ಲಿ ಕೇಬಲ್, ಅರ್ತಿಂಗ್ ಸರಿಮಾಡದೆ ಬೇರೆ ದಾರಿಯಿಲ್ಲ.