ಫ್ರೇಸಲ್ ವರ್ಬ್ ಕಲಿಯುವುದು ಹೇಗೆ? ಪಟ್ಟಿ ಉರು ಹೊಡೆಯಬೇಡಿ

ಫ್ರೇಸಲ್ ವರ್ಬ್ ಅಂದರೆ ‘ಪುಟ್ ಆಫ್’ (ಮುಂದೂಡು), ‘ಲುಕ್ ಆಫ್ಟರ್’ (ನೋಡಿಕೊ) ತರಹ, ಕ್ರಿಯಾಪದಕ್ಕೆ ಸಣ್ಣ ಪದ ಸೇರಿ ಬೇರೆ ಅರ್ಥ ಕೊಡುವ ಇಂಗ್ಲಿಷ್ ಜೋಡಿ. ಮೈಸೂರಲ್ಲಿ ಬ್ಯಾಂಕ್ ಪರೀಕ್ಷೆಗೆ ಓದುವ ಮಕ್ಕಳನ್ನು ನೋಡುತ್ತಲೇ ಇರುತ್ತೇನೆ. ಗೈಡ್‌ನಲ್ಲಿರುವ ಫ್ರೇಸಲ್ ವರ್ಬ್‌ಗಳನ್ನೆಲ್ಲ ಅರ್ಥ ಸಮೇತ ಒಪ್ಪಿಸುತ್ತಾರೆ. ಒಂದು ವಾಕ್ಯ ಬರೆಯಿರಿ ಅಂದರೆ ತಡವರಿಸುತ್ತಾರೆ. ಅಷ್ಟು ಕಷ್ಟಪಟ್ಟವರಿಗೆ ಹೀಗಾಗಬಾರದು.

ಮೊದಲು, ದಿನಕ್ಕೆ ಮೂರೇ ಮೂರು ಆರಿಸಿಕೊಳ್ಳಿ. ಅದೂ ಗೈಡ್‌ನಿಂದಲ್ಲ, ಸ್ಥಳೀಯ ಸುದ್ದಿಯಿಂದ. 1978ರಿಂದ ಬರುತ್ತಿರುವ ನಮ್ಮೂರ ಇಂಗ್ಲಿಷ್ ಸಂಜೆ ಪತ್ರಿಕೆ ಸ್ಟಾರ್ ಆಫ್ ಮೈಸೂರ್ ಸಾಕು. ಚಾಮುಂಡಿ ಬೆಟ್ಟದ ರಸ್ತೆ, ಕೆಆರ್‌ಎಸ್ ನೀರಿನ ಮಟ್ಟದ ವಿಷಯ ಮೊದಲೇ ಗೊತ್ತಿರುತ್ತದಲ್ವಾ? ಅರ್ಧ ಅರ್ಥ ಅಲ್ಲೇ ಹೊಳೆಯುತ್ತದೆ.

ಎರಡನೆಯದು ಡಿಕ್ಷನರಿ. ಜಾಸ್ತಿ ಜನ ಎಡವುವುದು ಇಲ್ಲೇ. ಅರ್ಥ ನೋಡಿ ಮುಚ್ಚಿಬಿಡುತ್ತಾರೆ. ಆಕ್ಸ್‌ಫರ್ಡ್ ಲರ್ನರ್ಸ್ ಡಿಕ್ಷನರಿ ನೆಟ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಅದರಲ್ಲಿ ‘ಸಮ್‌ಥಿಂಗ್’, ‘ಸಮ್‌ಬಡಿ’ ಎಲ್ಲಿ ಕೂತಿವೆ ನೋಡಿ. ‘ಪುಟ್ ಸಮ್‌ಥಿಂಗ್ ಆಫ್’ ಎಂದು ನಡುವೆ ಇದ್ದರೆ ಎರಡು ಪದಗಳನ್ನು ಬಿಡಿಸಬಹುದು. ‘ಪುಟ್ ಆಫ್ ದ ಮೀಟಿಂಗ್’, ‘ಪುಟ್ ದ ಮೀಟಿಂಗ್ ಆಫ್’ ಎರಡೂ ಸರಿ. ಆದರೆ ಮೀಟಿಂಗ್ ಬದಲು ‘ಇಟ್’ ಬಂತೋ, ‘ಪುಟ್ ಇಟ್ ಆಫ್’ ಮಾತ್ರ ಸರಿ. ‘ಪುಟ್ ಆಫ್ ಇಟ್’ ತಪ್ಪು. ‘ಲುಕ್ ಆಫ್ಟರ್ ಸಮ್‌ಬಡಿ’ ಎಂದು ಕೊನೆಯಲ್ಲಿದ್ದರೆ ಬಿಡಿಸುವ ಹಾಗಿಲ್ಲ. ‘ಲುಕ್ ಆಫ್ಟರ್ ಹರ್’ ಅನ್ನಬೇಕು. ಕೆಟ್ಟು ನಿಲ್ಲುವ ಅರ್ಥದ ‘ಬ್ರೇಕ್ ಡೌನ್’ಗೆ ಇದ್ಯಾವುದೂ ಬೇಡ. ಮದ್ದೂರಿನ ಹತ್ತಿರ ಬಸ್ ಕೆಟ್ಟರೆ ‘ದ ಬಸ್ ಬ್ರೋಕ್ ಡೌನ್’, ಮುಗೀತು. ಅದಕ್ಕೇ ನೋಟ್ಸ್‌ನಲ್ಲಿ ಇಟ್, ಹಿಮ್, ಹರ್ ಸೇರಿಸಿ ಪೂರ್ತಿ ವಾಕ್ಯ ಬರೆಯಿರಿ. ನಿಮ್ಮ ಮನೆ, ನಿಮ್ಮ ಕಾಲೇಜಿನ ವಾಕ್ಯವೇ ಆಗಿರಲಿ.

ಇಲ್ಲದ ಬಾಲವನ್ನೂ ಅಂಟಿಸಬೇಡಿ. ಕನ್ನಡದಲ್ಲಿ ‘ಅದರ ಬಗ್ಗೆ ಚರ್ಚಿಸು’ ಅನ್ನುತ್ತೇವೆ. ಆ ರೂಢಿಯಲ್ಲಿ ‘ಡಿಸ್ಕಸ್ ಅಬೌಟ್’ ಬಂದುಬಿಡುತ್ತದೆ. ಬರೀ ‘ಡಿಸ್ಕಸ್’ ಸಾಕು. ‘ಕೋಪ್ ಅಪ್ ವಿತ್’ ಕೂಡ ತಪ್ಪು, ‘ಕೋಪ್ ವಿತ್’ (ನಿಭಾಯಿಸು) ಸರಿ.

ನುಡಿಗಟ್ಟು ಓದಿದಾಗ ಅರ್ಥವಾದರೆ ಸಾಕು. ಬಳಸುವ ಆತುರ ಬೇಡ. ದಿನಕ್ಕೊಂದು ನುಡಿಗಟ್ಟು ಕಳಿಸುವ ವಾಟ್ಸಾಪ್ ಗ್ರೂಪ್‌ಗಳಿಂದ ಹೊರಬನ್ನಿ. ಹಿಂದೆ ಮುಂದೆ ಇಲ್ಲದ ಸಾಲು ಸುಮ್ನೆ ಓದಿದರೆ ನೆನಪಲ್ಲಿ ಉಳಿಯುವುದಿಲ್ಲ.

ಗೊಂದಲದ ಜೋಡಿಗಳನ್ನು ಒಟ್ಟಿಗೆ ಕಲಿಯಲೇಬೇಡಿ. ಈ ವಾರ ‘ಅಫೆಕ್ಟ್’ ಗಟ್ಟಿ ಮಾಡಿಕೊಳ್ಳಿ: ಸಾಮಾನ್ಯವಾಗಿ ಅದು ಕ್ರಿಯೆ, ಪರಿಣಾಮ ಬೀರುವುದು. ‘ಎಫೆಕ್ಟ್’, ಅಂದರೆ ಪರಿಣಾಮ, ಮುಂದಿನ ವಾರಕ್ಕಿರಲಿ. ಸಲಹೆ ಎಂಬ ಅರ್ಥದ ‘ಅಡ್ವೈಸ್’ಗೆ ಬಹುವಚನವಿಲ್ಲ, ‘ಅಡ್ವೈಸಸ್’ ಅನ್ನಬೇಡಿ. ಸಲಹೆ ಕೊಡು ಅನ್ನುವಾಗ ಕೊನೆಯ ಸದ್ದು ‘ಜ಼್’, ‘ಅಡ್ವೈಜ಼್’. ಗಟ್ಟಿಯಾಗಿ ಹೇಳಿಕೊಂಡು ಬರೆಯಿರಿ, ಸ್ಪೆಲ್ಲಿಂಗ್ ಬೇಗ ಹತ್ತುತ್ತದೆ.