ಮಕ್ಕಳು ಹುಟ್ಟಿದ ಊರುಗಳಲ್ಲಿ ತಂದೆಯ ಜಾಡು

ಎಡಿನ್‌ಬರೋದಲ್ಲಿ ನಮ್ಮ ನೆರೆಮನೆಯಲ್ಲಿರುವ ಹಿರಿಯರಿಗೆ ತಮ್ಮ ಮುತ್ತಜ್ಜಿಯ ತಂದೆ ಸ್ಕಾಟ್ಲೆಂಡಿನ ಆಗ್ನೇಯ ಮೂಲೆಯ ಬೆರಿಕ್‌ಶೈರಿನಲ್ಲಿ ಹೊಲದ ಆಳಾಗಿದ್ದರೆಂಬುದರ ಹೊರತು ಬೇರೇನೂ ತಿಳಿದಿರಲಿಲ್ಲ. ಆ ಕುಟುಂಬವನ್ನು ಜನಗಣತಿಯ ದಾಖಲೆಗಳಲ್ಲಿ ಹುಡುಕಿಕೊಡುವೆನೆಂದು ನಾನು ಒಪ್ಪಿಕೊಂಡೆ. ಭೂಮಿಯಿಲ್ಲದವನ ಹೆಸರಿನಲ್ಲಿ ಕ್ರಯಪತ್ರವಾಗಲಿ ಉಯಿಲಾಗಲಿ ಸಿಗುವುದು ಅಪರೂಪ. ಹತ್ತು ವರ್ಷಕ್ಕೊಮ್ಮೆ ಗಣತಿದಾರ ಬರೆದ ಕೆಲವು ಸಾಲುಗಳೇ ಹೆಚ್ಚಾಗಿ ನಮಗೆ ಆಧಾರ.

ಸ್ಕಾಟ್ಲೆಂಡಿನ ಹಳೆಯ ದಾಖಲೆಗಳಿರುವ ಸ್ಕಾಟ್ಲೆಂಡ್ಸ್‌ಪೀಪಲ್ ಎಂಬ ಸರ್ಕಾರಿ ಜಾಲತಾಣದಲ್ಲಿ ಮೊದಲು ಸಿಕ್ಕಿದ್ದು 1861ರ ಏಪ್ರಿಲ್ 7ರ ರಾತ್ರಿಯ ಗಣತಿ. ಉಳುಮೆಯ ಆಳು, ಅವನ ಹೆಂಡತಿ, ಆರು ಮಕ್ಕಳು. ಕಿಟಕಿಯುಳ್ಳ ಕೋಣೆಗಳೆಷ್ಟು ಎಂಬ ಅಂಕಣದಲ್ಲಿ 1 ಎಂದಿತ್ತು. ಎಂಟು ಜನರ ಸಂಸಾರಕ್ಕೆ ಅಷ್ಟೇ ಎಂಬುದನ್ನು ಅರಗಿಸಿಕೊಳ್ಳಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಅದಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಜನ್ಮಸ್ಥಳದ ಅಂಕಣ: ಹಿರಿಯ ಮಗಳು ಕೋಲ್ಡಿಂಗಮ್, ನಂತರದವರು ಏಟನ್, ಚರ್ನ್‌ಸೈಡ್, ಕಿರಿಯರು ಸ್ವಿಂಟನ್. ಆ ಸೀಮೆಯಲ್ಲಿ ಮದುವೆಯಾದ ಆಳನ್ನು ಒಂದು ವರ್ಷದ ಕರಾರಿಗೆ ಇಟ್ಟುಕೊಳ್ಳುತ್ತಿದ್ದರು. ಸಂಬಳದ ಬಹುಪಾಲು ದವಸಧಾನ್ಯದ ರೂಪದಲ್ಲಿರುತ್ತಿತ್ತು, ಮನೆ ಜಮೀನಿನವರದು. ಕರಾರು ಮುಗಿದು ಬೇರೆಡೆ ಕೆಲಸ ಹಿಡಿದರೆ ಮೇ ತಿಂಗಳಲ್ಲಿ ಪಾತ್ರೆಪಗಡೆ ಸಮೇತ ಗಾಡಿ ಹತ್ತಬೇಕು. ಆದ್ದರಿಂದ ಒಂದೇ ಪ್ಯಾರಿಷ್‌ಗೆ, ಅಂದರೆ ಒಂದು ಚರ್ಚಿನ ವ್ಯಾಪ್ತಿಯ ಪ್ರದೇಶಕ್ಕೆ, ಅಂಟಿಕೊಂಡು ಹುಡುಕಬಾರದು. ಮಕ್ಕಳು ಹುಟ್ಟಿದ ಊರುಗಳನ್ನು ವಯಸ್ಸಿನ ಕ್ರಮದಲ್ಲಿ ಜೋಡಿಸಿದರೆ ತಂದೆ ದುಡಿದ ಊರುಗಳು ತಾವಾಗಿ ತೆರೆದುಕೊಳ್ಳುತ್ತವೆ.

1841ರ ಗಣತಿಯಲ್ಲಿ ನಾನು ಎಡವಿದೆ. ಹೆಸರುಗಳು ಹೊಂದುವ ದಂಪತಿ ಕೋಲ್ಡಿಂಗಮ್‌ನಲ್ಲಿದ್ದರು, ಆದರೆ ಹೆಂಡತಿಯ ವಯಸ್ಸು 20 ಎಂದಿತ್ತು; 1851ರಲ್ಲಿ ಅವಳಿಗೆ 34. ಹತ್ತು ವರ್ಷದಲ್ಲಿ ಹದಿನಾಲ್ಕು ವರ್ಷ ಏರುವುದೆಂತು ಎಂದು ಆ ಪುಟವನ್ನು ಕೈಬಿಟ್ಟು ಹಲವು ವಾರ ಬೇರೆ ಕುಟುಂಬಗಳ ಹಿಂದೆ ಅಲೆದೆ. ಕಾರಣ ಆಮೇಲೆ ತಿಳಿಯಿತು: 1841ರಲ್ಲಿ ಹದಿನೈದು ದಾಟಿದವರ ವಯಸ್ಸನ್ನು ಐದರ ಗುಣಕಕ್ಕೆ ಇಳಿಸಿ ಬರೆಯಬೇಕೆಂಬ ಸೂಚನೆಯಿತ್ತು. 24 ಅಲ್ಲಿ 20 ಆಗುತ್ತದೆ. ಆ ಗಣತಿಯಲ್ಲಿ ಮನೆಯವರ ನಡುವಿನ ಸಂಬಂಧವನ್ನೂ ಬರೆಯುತ್ತಿರಲಿಲ್ಲವಾದ್ದರಿಂದ, ಅವರು ಗಂಡಹೆಂಡಿರೇ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಾಯಿತು.

ಸಾಕ್ಷಿ ಸಿಕ್ಕಿದ್ದು ಮುತ್ತಜ್ಜಿಯ ಜನನ ದಾಖಲೆಯಲ್ಲಿ. ಸ್ಕಾಟ್ಲೆಂಡಿನಲ್ಲಿ ಸರ್ಕಾರಿ ನೋಂದಣಿ ಆರಂಭವಾದದ್ದು 1855ರ ಜನವರಿ 1ರಂದು; ಆ ಮೊದಲ ವರ್ಷದ ದಾಖಲೆಗಳಷ್ಟು ವಿವರ ಮುಂದಿನ ವರ್ಷಗಳವುಗಳಲ್ಲಿಲ್ಲ. ಮುತ್ತಜ್ಜಿ ಹುಟ್ಟಿದ್ದು ಅದೇ ವರ್ಷ. ತಂದೆತಾಯಿಯರ ವಯಸ್ಸು, ಹುಟ್ಟೂರು, ತಾಯಿಯ ತವರಿನ ಮನೆತನದ ಹೆಸರು, 1840ರಲ್ಲಿ ಕೋಲ್ಡಿಂಗಮ್‌ನಲ್ಲಿ ನಡೆದ ಮದುವೆ, ಎಲ್ಲವೂ ಅಲ್ಲಿದ್ದವು. ಜೊತೆಗೆ ಇನ್ನೊಂದು ವಿವರ: ಈ ಮಗುವಿಗಿಂತ ಮೊದಲು ಹುಟ್ಟಿ ಬದುಕಿರುವವರು ನಾಲ್ವರು, ತೀರಿಕೊಂಡ ಗಂಡುಮಗು ಒಂದು.

ಎರಡು ಗಣತಿಗಳ ನಡುವೆ ಹುಟ್ಟಿ ತೀರಿಕೊಂಡ ಆ ಕೂಸು ಯಾವ ಗಣತಿಯಲ್ಲೂ ಇಲ್ಲ. ಏಟನ್ ಪ್ಯಾರಿಷ್‌ನ ಹಳೆಯ ಪುಸ್ತಕದಲ್ಲಿ 1847ರ ದೀಕ್ಷಾಸ್ನಾನದ ಒಂದು ಸಾಲಿನಲ್ಲಿ ಅದರ ಹೆಸರು ಸಿಕ್ಕಿತು: ಅಲ್ಲಿನ ರೂಢಿಯಂತೆ ಮೊದಲ ಗಂಡುಮಗುವಿಗೆ ಇಡುವ ತಂದೆಯ ತಂದೆಯ ಹೆಸರು. 1849ರಲ್ಲಿ ಹುಟ್ಟಿದ ಮುಂದಿನ ಮಗನಿಗೂ ಅದೇ ಹೆಸರಿದೆ. ನೆರೆಮನೆಯ ಹಿರಿಯರು ತಮ್ಮ ವಂಶವೃಕ್ಷದಲ್ಲಿ ಆ ಹೆಸರನ್ನು ಎರಡು ಸಲ ಅಕ್ಕಪಕ್ಕದಲ್ಲಿ ಬರೆದರು.