ಮಾತಿಲ್ಲದ ಪುಟದಿಂದ ಮೊದಲುಮಾಡಿ: ಗ್ರಾಫಿಕ್ ಕಾದಂಬರಿ ಓದಲು ಹೊರಟ ತುಮಕೂರಿನವರಿಗೆ

ಫೋನಿನಲ್ಲಿ ಜಪಾನಿನ ಅನಿಮೆ (ಕಾರ್ಟೂನ್ ಧಾರಾವಾಹಿ, ಚಲನಚಿತ್ರ) ನೋಡಿ ಮುಗಿಸಿದ ಕಾಲೇಜು ವಿದ್ಯಾರ್ಥಿಗಳು ಅದರ ಮೂಲವಾದ ಮಾಂಗಾ, ಅಂದರೆ ಜಪಾನಿನ ಚಿತ್ರಕಥೆಯ ಪುಸ್ತಕಗಳನ್ನು ಹುಡುಕುವುದು ಈಗ ತುಮಕೂರಿನಲ್ಲೂ ಹೊಸತಲ್ಲ. ಅದೇ ಮನೆಯ ಹಿರಿಯರು ಆ ಪುಸ್ತಕವನ್ನು ಕೈಗೆತ್ತಿಕೊಂಡು, ಪಾತ್ರಗಳ ಬಾಯಿಂದ ಹೊರಟಂತೆ ಬರೆದ ಬಲೂನಿನೊಳಗಿನ ಮಾತುಗಳನ್ನಷ್ಟೇ ಸರಸರನೆ ಓದಿ, ಅರ್ಧ ಗಂಟೆಯಲ್ಲಿ ಮುಗಿದುಹೋಗುವ ಇದಕ್ಕೆ ಇಷ್ಟು ದುಡ್ಡೇ ಎಂದು ಕೆಳಗಿಡುತ್ತಾರೆ. ಹಾಗೆ ಓದಿದವರು ಪುಸ್ತಕದ ಅರ್ಧ ಭಾಗವನ್ನು ಓದದೆಯೇ ಬಿಟ್ಟಿರುತ್ತಾರೆ. ಮಾಂಗಾ ಆಗಲಿ, ಚಿತ್ರಗಳಲ್ಲೇ ಉದ್ದದ ಕಥೆ ಹೇಳುವ ಗ್ರಾಫಿಕ್ ಕಾದಂಬರಿ ಆಗಲಿ, ಚಿತ್ರಕಥೆಯಲ್ಲಿ ಚಿತ್ರವೂ ವಾಕ್ಯವೇ ಆಗಿರುವುದರಿಂದ, ಅದನ್ನು ಓದುವ ಅಭ್ಯಾಸವನ್ನು ಮೊದಲು ಮಾಡಿಕೊಂಡು, ಆಮೇಲೆ ಯಾವ ಪುಸ್ತಕ ಕೊಳ್ಳಬೇಕೆಂದು ಯೋಚಿಸುವುದು ಒಳ್ಳೆಯದು.

ಈ ಅಭ್ಯಾಸಕ್ಕೆ ಆಸ್ಟ್ರೇಲಿಯಾದ ಶಾನ್ ಟ್ಯಾನ್ ಅವರ 2006ರ ‘ದಿ ಅರೈವಲ್’ ಪುಸ್ತಕಕ್ಕಿಂತ ತಕ್ಕದ್ದು ನನಗೆ ಕಂಡಿಲ್ಲ. ಹೆಂಡತಿ, ಮಗಳನ್ನು ಊರಿನಲ್ಲಿ ಬಿಟ್ಟು ದುಡಿಮೆಗಾಗಿ ಪರದೇಶಕ್ಕೆ ಹೋಗುವ ಒಬ್ಬನ ಕಥೆ ಅದು. ಇಡೀ ಕಥೆಯಲ್ಲಿ ನಮಗೆ ಓದಲು ಬರುವ ಒಂದು ಮಾತೂ ಇಲ್ಲ. ಆದ್ದರಿಂದ ಇಂಗ್ಲಿಷ್ ಬಾರದವರಿಗೂ ಬಂದವರಿಗೂ ಅದು ಒಂದೇ ಸಮ. ಮೊದಲ ಪುಟದಲ್ಲಿ ಒಂಬತ್ತು ಸಣ್ಣ ಚೌಕಗಳಿವೆ: ಕಾಗದದ ಹಕ್ಕಿ, ಗಡಿಯಾರ, ಟೋಪಿ, ಪಾತ್ರೆ, ಮಗುವೊಂದು ಬರೆದ ಚಿತ್ರ, ಚಹಾದ ಕುಡಿಕೆ, ಸೂಟ್‌ಕೇಸ್, ಮನೆಮಂದಿಯ ಚಿತ್ರಪಟ ಹೀಗೆ. ಇಷ್ಟನ್ನು ನೋಡಿ ಪುಟ ತಿರುಗಿಸಬೇಡಿ. ಈ ಮನೆಯಲ್ಲಿ ಎಷ್ಟು ಜನರಿದ್ದಾರೆ, ಯಾರು ಹೊರಡುತ್ತಿದ್ದಾರೆ ಎಂಬುದನ್ನು ಆ ಒಂಬತ್ತು ಚೌಕಗಳಿಂದಲೇ ಹೇಳಲು ಪ್ರಯತ್ನಿಸಿ. ಪುಸ್ತಕದ ಕೊನೆಯ ಅಧ್ಯಾಯದಲ್ಲಿ ಇದೇ ವಿನ್ಯಾಸದ ಪುಟ ಮತ್ತೊಮ್ಮೆ ಬರುತ್ತದೆ, ಆದರೆ ವಸ್ತುಗಳು ಬದಲಾಗಿರುತ್ತವೆ. ಎರಡು ಪುಟಗಳ ನಡುವೆ ಬೆರಳಿಟ್ಟು ಹಿಂದೆ ಮುಂದೆ ತಿರುಗಿಸಿ ನೋಡಿದವರಿಗೆ, ಆ ಸಂಸಾರಕ್ಕೆ ಏನಾಯಿತೆಂದು ಬೇರೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಓದುವ ಕ್ರಮ ಹೀಗಿರಲಿ. ಯಾವುದೇ ಪುಟಕ್ಕೆ ಬಂದಾಗ ಮೊದಲು ಇಡೀ ಪುಟವನ್ನು ಒಮ್ಮೆ ನೋಡಿ, ಅತ್ಯಂತ ದೊಡ್ಡ ಚೌಕ ಯಾವುದೆಂದು ಗುರುತಿಸಿ. ಚಿತ್ರಕಾರನು ನಿಮ್ಮನ್ನು ನಿಲ್ಲಿಸಬೇಕೆಂದಿರುವ ಜಾಗ ಬಹುಮಟ್ಟಿಗೆ ಅದೇ ಆಗಿರುತ್ತದೆ. ಆಮೇಲೆ ಚೌಕದಿಂದ ಚೌಕಕ್ಕೆ ಹೋಗುವಾಗ ನಡುವಣ ಖಾಲಿ ಪಟ್ಟಿಯನ್ನು ಗಮನಿಸಿ. ಒಂದು ಚೌಕದಲ್ಲಿ ಎತ್ತಿದ ಕೈ, ಮುಂದಿನದರಲ್ಲಿ ನೆಲದ ಮೇಲೆ ಬಿದ್ದ ಲೋಟ ಇದ್ದರೆ, ಲೋಟ ಬಿದ್ದದ್ದನ್ನು ಯಾರೂ ಬರೆದಿಲ್ಲ, ಅದನ್ನು ಊಹಿಸಿದವರು ನೀವು. ಈ ಖಾಲಿಯನ್ನು ತುಂಬುವ ಕೆಲಸ ಓದುಗನದೇ. ಮಾತುಗಳನ್ನು ಕೊನೆಗೆ ಓದಿ. ಒಂದೆರಡು ದಿನ ಇದು ಕೃತಕವೆನಿಸಬಹುದು. ಕಣ್ಣಿಗೆ ರೂಢಿಯಾದ ಮೇಲೆ ಈ ಮೂರೂ ಒಟ್ಟಿಗೇ ನಡೆಯುತ್ತವೆ.

ಎರಡನೆಯ ಪುಸ್ತಕವಾಗಿ ‘ಭೀಮಾಯಣ’ವನ್ನು ತೆಗೆದುಕೊಳ್ಳಿ. ಅಂಬೇಡ್ಕರರ ಬದುಕಿನ ಘಟನೆಗಳನ್ನು ಪರಧಾನ ಗೊಂಡ ಬುಡಕಟ್ಟಿನ ಕಲಾವಿದರಾದ ದುರ್ಗಾಬಾಯಿ ವ್ಯಾಮ್ ಮತ್ತು ಸುಭಾಷ್ ವ್ಯಾಮ್ ಚಿತ್ರಿಸಿರುವ ಈ ಕೃತಿಯನ್ನು 2011ರಲ್ಲಿ ನವಯಾನ ಪ್ರಕಾಶನ ಪ್ರಕಟಿಸಿತು. ಪಠ್ಯ ಶ್ರೀವಿದ್ಯಾ ನಟರಾಜನ್ ಮತ್ತು ಎಸ್. ಆನಂದ್ ಅವರದು. ಈವರೆಗೆ ಕಲಿತ ಚೌಕಗಳ ಲೆಕ್ಕ ಇಲ್ಲಿ ನಡೆಯುವುದಿಲ್ಲ, ಏಕೆಂದರೆ ಈ ಕಲಾವಿದರು ಮನುಷ್ಯರನ್ನು ಪೆಟ್ಟಿಗೆಯೊಳಗೆ ಕೂಡಿಹಾಕಲು ಒಪ್ಪದೆ, ಗೋಡೆ ಮತ್ತು ನೆಲದ ಮೇಲೆ ಬರೆಯುವ ತಮ್ಮ ಸಂಪ್ರದಾಯದ ಬಳುಕುವ ಅಲಂಕಾರದ ಗೆರೆಗಳಿಂದಲೇ ಪುಟವನ್ನು ವಿಂಗಡಿಸಿದ್ದಾರೆ. ಬಲೂನುಗಳನ್ನು ವಿಶೇಷವಾಗಿ ನೋಡಿ. ಮೃದುವಾದ ಮಾತಿನ ಬಲೂನಿಗೆ ಹಕ್ಕಿಯ ಆಕಾರವಿದೆ. ಜಾತಿಯ ವಿಷವಿರುವ ಮಾತಿನ ಬಲೂನಿಗೆ ಚೇಳಿನ ಕೊಂಡಿಯಿದೆ. ಮನಸ್ಸಿನಲ್ಲೇ ಆಡಿಕೊಳ್ಳುವ ಮಾತಿಗೆ ಒಂದು ಕಣ್ಣು ಬರೆದಿದೆ. ಬಾಲಕ ಭೀಮನು, ಅಂದರೆ ಚಿಕ್ಕಂದಿನ ಅಂಬೇಡ್ಕರರು, ನೀರು ಕೇಳುವ ಪುಟಗಳಲ್ಲಿ ಯಾರ ಮಾತಿಗೆ ಕೊಂಡಿ ಬಂದಿದೆ ಎಂದು ಬೆರಳಿಟ್ಟು ಗುರುತಿಸುತ್ತ ಹೋದರೆ, ಇಂಗ್ಲಿಷ್ ವಾಕ್ಯ ಪೂರ್ತಿ ತಿಳಿಯದ ಹೈಸ್ಕೂಲಿನ ಮಗುವೂ ಆ ಪುಟದ ಕ್ರೌರ್ಯವನ್ನು ತಿಳಿಯಬಲ್ಲದು.

ಚಿತ್ರವೇ ವಾದ ಮಂಡಿಸುವ ಇನ್ನೊಂದು ಕೃತಿ, ಹಿಟ್ಲರನ ಕಾಲದ ಯಹೂದಿಗಳ ಹತ್ಯಾಕಾಂಡವನ್ನು ಹೇಳುವ ಆರ್ಟ್ ಸ್ಪೀಗೆಲ್‌ಮನ್ ಅವರ ‘ಮೌಸ್’. 1992ರಲ್ಲಿ ಪುಲಿಟ್ಜರ್ ವಿಶೇಷ ಪ್ರಶಸ್ತಿ ಪಡೆದ ಈ ಪುಸ್ತಕದಲ್ಲಿ ಯಹೂದಿಗಳು ಇಲಿಗಳು, ಜರ್ಮನರು ಬೆಕ್ಕುಗಳು, ಪೋಲೆಂಡಿನವರು ಹಂದಿಗಳು. ಯಹೂದಿಯೊಬ್ಬನು ಪೋಲೆಂಡಿನವನೆಂದು ತೋರಿಸಿಕೊಂಡು ತಲೆತಪ್ಪಿಸಿಕೊಳ್ಳುವಾಗ ಇಲಿಯ ಮುಖದ ಮೇಲೆ ಹಂದಿಯ ಮುಖವಾಡ ಬರುತ್ತದೆ. ಅದರ ದಾರ ಕೂಡ ಕಾಣುತ್ತದೆ. ಇದನ್ನು ದೊಡ್ಡವರೇ ಓದಲಿ, ಬೆಕ್ಕು ಇಲಿ ಕಂಡಿತೆಂದು ಚಿಕ್ಕ ಮಕ್ಕಳ ಕೈಗೆ ಕೊಡಬೇಡಿ. ಇರಾನಿನ ಹುಡುಗಿಯೊಬ್ಬಳ ಬಾಲ್ಯವನ್ನು ಬರೀ ಕಪ್ಪು ಬಿಳುಪಿನಲ್ಲಿ ಹೇಳುವ ಮರ್ಜಾನ್ ಸತ್ರಾಪಿ ಅವರ ‘ಪರ್ಸೆಪೊಲಿಸ್’ ಇದರ ನಂತರ ಬರಬಹುದು.

ಇನ್ನು ಮಾಂಗಾ. ಜಪಾನಿನ ಪುಸ್ತಕವು ನಾವು ಹಿಂಬದಿ ಎಂದುಕೊಳ್ಳುವ ಕಡೆಯಿಂದ ತೆರೆದುಕೊಳ್ಳುತ್ತದೆ. ಮೇಲಿನ ಬಲಮೂಲೆಯ ಚೌಕದಿಂದ ಹೊರಟು ಎಡಕ್ಕೆ, ಆಮೇಲೆ ಕೆಳಗಿನ ಸಾಲಿಗೆ ಹೋಗಬೇಕು. ಒಂದೇ ಚೌಕದೊಳಗೆ ಎರಡು ಬಲೂನುಗಳಿದ್ದರೂ ಬಲಗಡೆಯದೇ ಮೊದಲು. ಉರ್ದು ಓದಲು ಬಲ್ಲವರಿಗೆ ಈ ದಿಕ್ಕು ಬೇಗ ಒಗ್ಗುತ್ತದೆ. ಕೊಳ್ಳುವಾಗ ಸರಣಿ ಮುಗಿದಿದೆಯೇ, ಎಷ್ಟು ಸಂಪುಟಗಳಿವೆ ಎಂಬುದನ್ನು ಮೊದಲು ವಿಚಾರಿಸಿ. 1997ರಿಂದ ನಡೆಯುತ್ತಿರುವ ‘ಒನ್ ಪೀಸ್’ ನೂರು ಸಂಪುಟಗಳನ್ನು ದಾಟಿದೆ; ಹುಡುಗರ ಉತ್ಸಾಹ ನೋಡಿ ಅದರಿಂದ ಆರಂಭಿಸಿದರೆ ಮನೆಯ ಖರ್ಚು ಕೈಮೀರುತ್ತದೆ. ‘ಎ ಸೈಲೆಂಟ್ ವಾಯ್ಸ್’ 7 ಸಂಪುಟಗಳಲ್ಲಿ, ‘ಡೆತ್ ನೋಟ್’ 12ರಲ್ಲಿ, ‘ಡೀಮನ್ ಸ್ಲೇಯರ್’ 23ರಲ್ಲಿ ಮುಗಿಯುತ್ತವೆ. ಕಿವಿ ಕೇಳದ ಹುಡುಗಿ ಮತ್ತು ಅವಳನ್ನು ಪೀಡಿಸಿದ ಸಹಪಾಠಿಯ ಕಥೆಯಾದ ಮೊದಲನೆಯದನ್ನು ಮೇಷ್ಟರೂ ತಂದೆತಾಯಿಗಳೂ ಓದಬೇಕೆಂಬುದು ನನ್ನ ಅಭಿಪ್ರಾಯ. ಹಿಂಬದಿಯ ರಕ್ಷಾಪುಟದಲ್ಲಿ ವಯಸ್ಸಿನ ಸೂಚನೆಯಿದ್ದರೆ ಅದನ್ನು ನೋಡಿಯೇ ಮಕ್ಕಳಿಗೆ ಕೊಡಿ. ಅಗ್ಗದ ನಕಲಿ ಪ್ರತಿಗಳ ಬಗ್ಗೆಯೂ ಎಚ್ಚರವಿರಲಿ: ಮಾಂಗಾದಲ್ಲಿ ನೆರಳನ್ನು ಸಣ್ಣ ಸಣ್ಣ ಚುಕ್ಕಿಗಳಿಂದ ಮೂಡಿಸಿರುತ್ತಾರೆ, ಕಳ್ಳಮುದ್ರಣದಲ್ಲಿ ಆ ಚುಕ್ಕಿಗಳು ಕಲಸಿ ಮಸಿಯಾಗುತ್ತವೆ, ಬೈಂಡಿಂಗ್ ಹತ್ತಿರದ ಮಾತುಗಳು ಒಳಗೆ ಸಿಕ್ಕಿಕೊಳ್ಳುತ್ತವೆ. ದುಡ್ಡು ಹಾಕುವ ಮುನ್ನ ರುಚಿ ನೋಡಬೇಕೆಂದರೆ, ಜಪಾನಿನ ಶೂಯೇಶಾ ಸಂಸ್ಥೆ 2019ರಲ್ಲಿ ತಂದ ಮಾಂಗಾ ಪ್ಲಸ್ ಆ್ಯಪ್‌ನಲ್ಲಿ ಹಲವು ಸರಣಿಗಳ ಮೊದಲ ಅಧ್ಯಾಯಗಳನ್ನು ಇಂಗ್ಲಿಷಿನಲ್ಲಿ ಉಚಿತವಾಗಿ ಓದಬಹುದು.

ಕನ್ನಡದಲ್ಲೇ ಓದಬಯಸುವವರಿಗೆ ಆಯ್ಕೆ ಕಡಿಮೆ ಎಂಬುದನ್ನು ಮುಚ್ಚಿಡುವಂತಿಲ್ಲ. ಅಮರ ಚಿತ್ರ ಕಥೆಯ ಆರಂಭ ಕನ್ನಡದಲ್ಲಿಯೇ ಆಗಿತ್ತೆಂಬುದು ಹಲವರಿಗೆ ತಿಳಿಯದು: ಬೆಂಗಳೂರಿನ ಜಿ.ಕೆ. ಅನಂತರಾಮ್ ಅವರ ಒತ್ತಾಸೆಯಿಂದ 1965ರಲ್ಲಿ ಪಾಶ್ಚಾತ್ಯ ಕಥೆಗಳ ಮೊದಲ ಹತ್ತು ಪುಸ್ತಕಗಳು ಕನ್ನಡದಲ್ಲಿ ಬಂದವು, ಆದ್ದರಿಂದಲೇ ಮಾಲೆಯ ಸಂಪಾದಕ ಅನಂತ ಪೈ ಅವರ ‘ಕೃಷ್ಣ’ಕ್ಕೆ 11ನೆಯ ಸಂಖ್ಯೆ ಸಿಕ್ಕಿತು. ಕಥೆ ತಿಳಿಯಲು ಈ ಮಾಲೆ ಸೊಗಸಾಗಿದೆ. ಆದರೆ ಚಿತ್ರ ತೋರಿಸಿದ್ದನ್ನೇ ಮೇಲಿನ ಪಟ್ಟಿಯ ಬರಹವೂ ಹೇಳಿಬಿಡುವುದರಿಂದ ಚಿತ್ರ ಓದುವ ಅಭ್ಯಾಸಕ್ಕೆ ಅದೊಂದೇ ಸಾಲದು.

ತುಮಕೂರಿನ ಅಂಗಡಿಗಳಲ್ಲಿ ಪರೀಕ್ಷೆಯ ಗೈಡುಗಳದ್ದೇ ಮೇಲುಗೈ. ಆದ್ದರಿಂದ ದಿನವೂ ಬೆಂಗಳೂರಿಗೆ ರೈಲಿನಲ್ಲಿ ಓಡಾಡುವ ಪರಿಚಯದವರೊಬ್ಬರನ್ನು ಹಿಡಿಯುವುದು ಸುಲಭದ ದಾರಿ. ಸಂಗೊಳ್ಳಿ ರಾಯಣ್ಣ ನಿಲ್ದಾಣದಲ್ಲಿ ಇಳಿದು ನೇರಳೆ ಮಾರ್ಗದ ಮೆಟ್ರೊ ಹತ್ತಿದರೆ ಎಂ.ಜಿ. ರಸ್ತೆ ನಿಲ್ದಾಣದ ಪಕ್ಕದಲ್ಲೇ ಚರ್ಚ್ ಸ್ಟ್ರೀಟ್; ಅಲ್ಲಿ ಓದಿ ಮಾರಿದ ಪುಸ್ತಕಗಳೂ ದೊರೆಯುತ್ತವೆ. ಅಂಥ ಪ್ರತಿ ಕೊಳ್ಳುವಾಗ ಪುಟಗಳನ್ನೆಲ್ಲ ತಿರುವಿ ನೋಡಿ: ಕಾದಂಬರಿಯಲ್ಲಿ ಒಂದು ಹಾಳೆ ಹೋದರೆ ಹೇಗೋ ಹೊಂದಿಸಿಕೊಳ್ಳಬಹುದು, ಚಿತ್ರಕಥೆಯಲ್ಲಿ ಆಗುವುದಿಲ್ಲ.

ಹಳ್ಳಿಗಳಲ್ಲಿ ಅರಿವು ಕೇಂದ್ರಗಳೆಂಬ ಪಂಚಾಯಿತಿ ಗ್ರಂಥಾಲಯಗಳಿವೆ. 2020ರ ನವೆಂಬರಿನಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ ಮಕ್ಕಳಿಗೆ ಈ ಗ್ರಂಥಾಲಯಗಳ ಸದಸ್ಯತ್ವವನ್ನು ಉಚಿತವಾಗಿ ನೀಡಲಾಗಿದೆ. ಅಲ್ಲಿನ ಮೇಲ್ವಿಚಾರಕರು ಭಾನುವಾರ ಒಂದು ಗಂಟೆ ಬಿಟ್ಟುಕೊಟ್ಟರೆ ಒಂದೇ ಪ್ರತಿಯಿಂದ ಏಳೆಂಟು ಮಕ್ಕಳಿಗೆ ಓದಿಸಬಹುದು. ಚಾಪೆಯ ಮೇಲೆ ಪುಸ್ತಕ ಬಿಡಿಸಿಟ್ಟು, ಬಲೂನುಗಳ ಮೇಲೆ ಕಾಗದದ ಚೂರುಗಳನ್ನು ಇಟ್ಟು ಮುಚ್ಚಿ, ಏನು ನಡೆಯುತ್ತಿದೆಯೆಂದು ಒಬ್ಬೊಬ್ಬರಿಂದ ಹೇಳಿಸಿ. ಪಾವಗಡದ ಕಡೆಯ ಮಕ್ಕಳು ತೆಲುಗಿನಲ್ಲಿ ಹೇಳಿದರೆ ಹೇಳಲಿ, ತಿದ್ದಲು ಹೋಗಬೇಡಿ. ಆಮೇಲೆ ಚೂರುಗಳನ್ನು ತೆಗೆದು ಇಂಗ್ಲಿಷ್ ಮಾತನ್ನು ಓದಿ, ಅರ್ಥ ತಿಳಿಸಿ. ಒಂದು ಗಂಟೆಗೆ ನಾಲ್ಕೈದು ಪುಟ ಸಾಗಿದರೆ ಸಾಕು. ಮುಂದಿನ ವಾರ ಪುಟ ತಿರುಗಿಸುವ ಕೆಲಸವನ್ನು ಮಕ್ಕಳಿಗೇ ಬಿಡಿ.